ನಲವತ್ತರ ಮಾಡೆಲ್

"ಈ ತುದಿ ಸ್ವಲ್ಪ ಹಿಡೀರಿ ಮಾರಾಯ್ರೆ. ಸುಮ್ಮನೆ ನಿಂತು ಎಂತ ನೋಡ್ತೀರಿ?"

ವಾರಿಜಾಕ್ಷಿ ನನ್ನೊಡನೆ ಆಡಿದ ಮೊದಲ ಮಾತು ಇದು. ಹಂಪನಕಟ್ಟೆಯ ಮೋಟಾರು ಅಂಗಡಿಯಲ್ಲಿ ಹೊಸ ಗಾಡಿಯ ಹಿಂದಿನ ತೊಟ್ಟಿಯೊಳಗೆ ಅವಳು ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು, ಕೈಯಲ್ಲಿ ಅಳತೆಯ ಟೇಪು ಇತ್ತು, ಕಿವಿಯ ಮೇಲೆ ಒಂದು ಮೋಟು ಪೆನ್ಸಿಲು. ಯಾರೋ ಸಾಹುಕಾರರ ಮಗಳು ಗಾಡಿ ಕೊಳ್ಳಲು ಬಂದಿದ್ದಾಳೆ ಎಂದು ನಾನು ಎಣಿಸಿದೆ. ನನ್ನನ್ನು ಅವಳು ಅಂಗಡಿಯ ಆಳು ಎಂದುಕೊಂಡಿದ್ದಳು. ನಾನು ತುದಿ ಹಿಡಿದೆ.

"ಬಿಗಿಯಾಗಿ ಹಿಡೀರಿ."

"ಹಿಡ್ದಿದ್ದೇನಲ್ಲ."

"ಕೈ ಮಾತ್ರ ಹಿಡಿದ್ರೆ ಸಾಲದು. ಕಣ್ಣೂ ಟೇಪಿನ ಮೇಲೆ ಇರ್ಲಿ."

ನನ್ನ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಗಾಡಿ ಮಾರುವ ಪಿಯುಸ್ ಒಳಗಿನಿಂದ ಓಡಿ ಬಂದ. "ಅಯ್ಯೋ ಮೋಹನದಾಸರೇ, ನೀವು ಯಾಕೆ ಹಿಡ್ಕೊಂಡದ್ದು? ಗಿರಾಕಿಗಳು ನೀವು!"

ಅವಳು ನಾಲಗೆ ಕಚ್ಚಿಕೊಂಡಳು. ಆದರೆ ತುದಿಯನ್ನು ಬಿಡಿ ಎಂದು ಮಾತ್ರ ಹೇಳಲಿಲ್ಲ. "ಗಾಡಿ ತಕ್ಕೊಳ್ಳುವವರು ನೀವಾ?"

"ನೋಡ್ಬೇಕು. ನೀವು ತಕ್ಕೊಳ್ಳುವವರಲ್ವಾ?"

"ನಮ್ಮ ಅಪ್ಪ ಬಸ್ಸು ಲಾರಿಗಳಿಗೆ ಮಳೆಗೆ ಹೊದಿಸುವ ಹುಡ್ಡು ಹೊಲಿಯುವವರು. ಹೊಸ ಮಾಡೆಲಿಗೆ ಹಳೇ ಅಳತೆ ಕೂರುದಿಲ್ಲ, ಅದಕ್ಕೆ ಬಂದದ್ದು." ಅವಳು ಬಗ್ಗಿ ಅಂಕಿ ಬರೆದುಕೊಂಡಳು. ಬರೆದು ಮುಗಿದ ಮೇಲೆ ಓರೆಯಾಗಿ ನನ್ನ ಕಡೆ ನೋಡಿದಳು. "ತಕ್ಕೊಂಡ್ರೆ ನಮ್ಮಲ್ಲಿಗೇ ತನ್ನಿ. ಬಿಜೈಯಲ್ಲಿ ಮುದ್ದಣ್ಣ ಅಂತ ಕೇಳಿದ್ರೆ ಯಾರಾದ್ರೂ ತೋರಿಸ್ತಾರೆ."

ಅದು ೧೯೩೯ರ ನವೆಂಬರು. ಯುರೋಪಿನಲ್ಲಿ ಯುದ್ಧ ಶುರುವಾಗಿ ಎರಡು ತಿಂಗಳಾಗಿತ್ತು. ಮದ್ರಾಸಿನಿಂದ ರೈಲಿನಲ್ಲಿ ಬಂದಿದ್ದ ಆ ಒಂದು ಗಾಡಿಯ ಹಿಂದೆ ಇನ್ನೊಂದು ಬರುವ ನಂಬಿಕೆ ಯಾರಿಗೂ ಇರಲಿಲ್ಲ. ಕಾಗದದಲ್ಲಿ ಪಿಕಪ್, ನಲವತ್ತರ ಮಾಡೆಲ್ ಎಂದು ಬರೆದಿತ್ತು. ಬಂದರಿನ ಜನ ಎರಡೇ ದಿನದಲ್ಲಿ ಅದಕ್ಕೆ ಗಿಡ್ಡ ಲಾರಿ ಎಂದು ಹೆಸರಿಟ್ಟರು. ಹಳೆಯ ಮಾಡೆಲಿನ ಹಾಗೆ ಅದು ಪೆಟ್ಟಿಗೆಯಾಗಿರಲಿಲ್ಲ. ಮೂತಿ ಇಳಿಜಾರಾಗಿತ್ತು, ದೀಪಗಳು ಮಡ್ಗಾರ್ಡಿನೊಳಗೇ ಹುದುಗಿದ್ದವು, ಕಿಟಕಿಯ ಗಾಜು ಹಿಡಿ ತಿರುಗಿಸಿದರೆ ಮೇಲೆ ಕೆಳಗೆ ಹೋಗುತ್ತಿತ್ತು. ಮುಂದಿನ ಸೀಟು ಮೂವರು ಆರಾಮವಾಗಿ ಕೂರುವಷ್ಟು ಅಗಲ. ಆ ಸೀಟಿನಲ್ಲಿ ನನ್ನ ಪಕ್ಕ ಯಾರು ಕೂತಿರಬೇಕು ಎಂಬುದು ಟೇಪಿನ ತುದಿ ಹಿಡಿದ ದಿನವೇ ನನಗೆ ತೀರ್ಮಾನವಾಗಿತ್ತು. ಉಳಿದದ್ದು ಯಾವುದೂ ನನ್ನ ಕೈಯಲ್ಲಿರಲಿಲ್ಲ.

ಯಾಕೆಂದರೆ ಗಾಡಿ ಕೊಳ್ಳುವ ಹಣ ನನ್ನ ಸೋದರಮಾವ ನೋಣಯ್ಯನವರದು. ಬಂದರಿನಲ್ಲಿ ಹೆಂಚು ಸಾಗಿಸುವ ಹನ್ನೆರಡು ಎತ್ತಿನ ಗಾಡಿಗಳು ಅವರವು. ಎರಡು ವರ್ಷ ಬಸ್ಸು ಓಡಿಸಿ ಬಂದವನೆಂದು ಗಾಡಿ ನೋಡಲು ನನ್ನನ್ನೇ ಕಳುಹಿಸಿದ್ದರು. ನಮ್ಮದು ಅಳಿಯಸಂತಾನದ ಕಟ್ಟು. ಮಾವನ ಆಸ್ತಿಯೆಲ್ಲ ಅಕ್ಕತಂಗಿಯರ ಮಕ್ಕಳಿಗೆ, ಸ್ವಂತ ಮಗಳಿಗೆ ಒಂದು ಎತ್ತಿನ ಹಗ್ಗವೂ ಇಲ್ಲ. ಅವರ ಮಗಳು ಕುಶಲಾ ಉಳ್ಳಾಲದಲ್ಲಿ ತಾಯಿಯ ಜೊತೆಗಿದ್ದಳು. ದುಡಿದದ್ದರಲ್ಲಿ ಏನಾದರೂ ಅವಳಿಗೆ ಸೇರಬೇಕಾದರೆ ಮಾವನಿಗೆ ಇದ್ದ ದಾರಿ ಒಂದೇ, ಅವಳನ್ನು ಸೋದರಳಿಯನಾದ ನನಗೆ ಕೊಡುವುದು. ಕೆಟ್ಟ ಮನುಷ್ಯರಲ್ಲ ನನ್ನ ಮಾವ. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

"ಗಾಡಿ ನಿನ್ನ ಹೆಸರಿಗೇ ಮಾಡ್ತೇನೆ," ಎಂದರು ಮಾವ. "ಕುಶಲಾಳ ಕೊರಳಿಗೆ ನೀನು ತಾಳಿ ಕಟ್ಟು. ಒತ್ತಾಯ ಇಲ್ಲ. ನೋಡಿ ಹೇಳು."

ನಾನು ನೋಡಿದೆ. ಹೇಳಲಿಲ್ಲ. ಗಾಡಿ ತೆಗೆದುಕೊಳ್ಳಬೇಕೇ ಬೇಡವೇ ಎಂದು ಬಂದರಿನಲ್ಲಿ ಎಲ್ಲರೂ ನನಗೆ ಬುದ್ಧಿ ಹೇಳುವವರೇ. ನಮ್ಮ ಹಳೆಯ ಗಾಡಿಯಾಳು ಅಲಿಯಬ್ಬನಿಗೆ ಅದನ್ನು ಕಂಡರೇ ಆಗುತ್ತಿರಲಿಲ್ಲ. "ಎತ್ತು ಹಸಿದ್ರೆ ನಮ್ಮ ಮುಖ ನೋಡ್ತದೆ. ಇದು ಯಾರ ಮುಖ ನೋಡ್ತದೆ?" ಎಂದು ಕೇಳುತ್ತಿದ್ದ. ಒಣಮೀನಿನ ವ್ಯಾಪಾರಿ ಮೊಯ್ದೀನಬ್ಬ ಬುದ್ಧಿ ಹೇಳಲಿಲ್ಲ. ಪಿಯುಸನ ಹತ್ತಿರ ಹೋಗಿ, ಇವರು ಬೇಡ ಅಂದರೆ ನನಗೆ ಕೊಡಿ ಎಂದು ಹೇಳಿಟ್ಟರು.

ನಾನು ಮಾತ್ರ ಗಾಡಿಯ ವಿಚಾರ ಕೇಳುವ ನೆಪ ಮಾಡಿಕೊಂಡು ಬಿಜೈಗೆ ಹೋಗುತ್ತಿದ್ದೆ. ಒಂದು ದಿನ ಹುಡ್ಡಿಗೆ ಕಿತ್ತಾನು ಬಟ್ಟೆ ಯಾವ ಬಣ್ಣದ್ದು ಒಳ್ಳೆಯದು ಎಂದು ಕೇಳಿದೆ. ಇನ್ನೊಂದು ದಿನ ಹಗ್ಗ ಎಷ್ಟು ಬೇಕು ಎಂದು. ಮೂರನೆಯ ಸಲ ಕೇಳಲು ಏನೂ ಉಳಿದಿರಲಿಲ್ಲ.

"ಇವತ್ತು ಎಂತ ಸಂಶಯ?" ವಾರಿಜಾಕ್ಷಿ ದಬ್ಬಣದಿಂದ ಕಣ್ಣೆತ್ತದೆ ಕೇಳಿದಳು.

"ಹುಡ್ಡಿಗೆ... ಕಿಟಕಿ ಇಡ್ಲಿಕ್ಕೆ ಆಗ್ತದಾ ಅಂತ."

"ಹೆಂಚಿಗೆ ಗಾಳಿ ಬೇಕಾ?"

ತುಟಿ ಒಳಗೆಳೆದುಕೊಂಡು ನಗು ತಡೆದಳು. ಆ ನಗು ಕಣ್ಣಿನ ಕೊನೆಯಿಂದ ಜಾರಿ ಗಲ್ಲದ ಗುಳಿಗೆ ಬಂದು ನಿಂತಿತು. ನಾನು ಹತ್ತು ದಿನ ಅದನ್ನೇ ನೆನೆದು ಬದುಕಿದೆ. ನಾಲ್ಕನೆಯ ಸಲ ನಾನು ಏನನ್ನೂ ಕೇಳಲಿಲ್ಲ, ಅವಳೂ ಯಾಕೆ ಬಂದಿರಿ ಎನ್ನಲಿಲ್ಲ. ಅವಳ ಬೆರಳುಗಳಲ್ಲಿ ದಬ್ಬಣ ಚುಚ್ಚಿದ ಗುರುತುಗಳಿದ್ದವು. ಅವುಗಳನ್ನು ಮುಟ್ಟಿ ನೋಡಿದೆ. ಅವಳು ಕೈ ಹಿಂದಕ್ಕೆಳೆಯಲಿಲ್ಲ.

ಒಂದು ಭಾನುವಾರ ಸಂಜೆ ಅಪ್ಪನ ಜೊತೆ ಅವಳು ಹಂಪನಕಟ್ಟೆಗೆ ಬಂದಿದ್ದಳು. ಮುದ್ದಣ್ಣ ಅಂಗಡಿಯೊಳಗೆ ಕಿತ್ತಾನು ಆರಿಸುತ್ತಿದ್ದರು. ಅವಳು ನೂಲಿನ ಬುಟ್ಟಿ ಹಿಡಿದು ಹೊರಗೆ ನಿಂತಿದ್ದಳು. ಇದ್ದ ಸಮಯ ಅಷ್ಟೇ ಎಂದು ಗೊತ್ತಿದ್ದರಿಂದ ನಾನು ಸುತ್ತುಬಳಸದೆ ಹೇಳಿದೆ.

"ವಾರಿಜಾ, ಗಾಡಿ ತಕ್ಕೊಂಡ್ರೆ ಮಾವನ ಮಗಳನ್ನೂ ಮದುವೆ ಆಗ್ಬೇಕು."

ಅವಳ ಮುಖದ ಬಣ್ಣ ಇಳಿಯಿತು. "ಮತ್ತೆ ಎಂತ? ಇಂಥ ಗಾಡಿ ಬಿಡುವವ ಉಂಟಾ?" ಎಂದಳು. ನಗಲು ನೋಡಿದಳು, ಆಗಲಿಲ್ಲ.

"ನಾನು ಬಿಡ್ತೇನೆ. ಮಡಿಕೇರಿಯಲ್ಲಿ ಬಸ್ಸಿನ ಕೆಲಸ ಉಂಟು. ಬುಧವಾರ ಬೆಳಿಗ್ಗೆ ಎಂಟಕ್ಕೆ ಪಡೀಲಿನಲ್ಲಿ ಬಸ್ಸು ಹತ್ತುವ. ಅಲ್ಲಿ ನಮ್ಮ ಗುರ್ತದವರು ಯಾರೂ ಇಲ್ಲ. ನೀನು ಹೂಂ ಅಂದ್ರೆ ಗಾಡಿ ಬೇಡ ಅಂತ ಮಾವನಿಗೆ ಹೇಳ್ತೇನೆ. ಇಲ್ಲ ಅಂದ್ರೆ ತಕ್ಕೊಳ್ತೇನೆ. ನೀನೇ ಹೇಳು."

ಅವಳು ಬುಟ್ಟಿಯೊಳಗಿನ ನೂಲನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಅಷ್ಟರಲ್ಲಿ ಮುದ್ದಣ್ಣ ಕಿತ್ತಾನಿನ ಕಟ್ಟು ಹೊತ್ತು ಹೊರಗೆ ಬಂದು ಜಟಕಾ ಹತ್ತಿದರು. "ವಾರಿಜಾ, ಹೊರಡುವ!"

ಅವಳು ಬುಟ್ಟಿಯನ್ನು ಸೊಂಟಕ್ಕೇರಿಸಿದಳು. ಒಂದೇ ಒಂದು ಸಲ ನೇರವಾಗಿ ನನ್ನ ಕಣ್ಣನ್ನು ನೋಡಿದಳು. ಅವಳ ಕಣ್ಣು ತುಂಬಿತ್ತು.

"ಬರ್ತೇನೆ," ಎಂದಳು.

ಜಟಕಾ ಹೋಯಿತು.

ನಮ್ಮ ಕಡೆ ಹೊರಡುವವರು ಯಾರೂ ಹೋಗ್ತೇನೆ ಎಂದು ಬಾಯಿ ಬಿಟ್ಟು ಹೇಳುವುದಿಲ್ಲ. ಅದು ಅಪಶಕುನ, ಮಕ್ಕಳು ಹಾಗೆಂದರೆ ಬಾಯಿಗೆ ಬಡಿಯುತ್ತಾರೆ. ಹೊರಡುವಾಗ ಎಲ್ಲರೂ ಬರ್ತೇನೆ ಎನ್ನುತ್ತಾರೆ. ಬಾಡಿಗೆ ಕೇಳಲು ಬಂದವರೂ, ಹೆಣ ನೋಡಲು ಬಂದವರೂ, ಇನ್ನು ಈ ಮನೆಯ ಮೆಟ್ಟಿಲು ತುಳಿಯುವುದಿಲ್ಲ ಎಂದು ಜಗಳವಾಡಿ ಎದ್ದವರೂ ಅದನ್ನೇ ಹೇಳಿ ಹೋಗುತ್ತಾರೆ. ಅಪ್ಪ ಕರೆದರು, ಬುಟ್ಟಿ ಎತ್ತಿಕೊಂಡಳು, ಬರ್ತೇನೆ ಎಂದಳು. ನಾನು ಕೇಳಿದ್ದಕ್ಕೆ ಅವಳ ಹತ್ತಿರ ಉತ್ತರವಿಲ್ಲ, ಇದ್ದದ್ದು ಮರ್ಯಾದೆಯ ವಿದಾಯ ಮಾತ್ರ ಎಂದು ನಾನು ತಿಳಿದೆ. ಇಂಥ ಗಾಡಿ ಬಿಡುವವ ಉಂಟಾ ಎಂಬ ಮಾತೂ ಅದಕ್ಕೆ ಸರಿಯಾಗಿ ಕೂತಿತು.

ಇನ್ನೊಮ್ಮೆ ಕೇಳಬಹುದಿತ್ತು. ಹಂಪನಕಟ್ಟೆಯಿಂದ ಬಿಜೈ ಎಷ್ಟು ದೂರ? ನಡೆದರೆ ಅರ್ಧ ಗಂಟೆ. ಕಿತ್ತಾನಿನ ಬಣ್ಣ ಕೇಳಲು ಆ ಅರ್ಧ ಗಂಟೆ ನಡೆದವನಿಗೆ ಬದುಕಿನ ಮಾತು ಕೇಳಲು ಕಾಲು ಬರಲಿಲ್ಲ. ನನಗೆ ಅವಮಾನವಾಗಿತ್ತು. ಅವಮಾನವಾದವನು ತನ್ನನ್ನು ದೊಡ್ಡ ತ್ಯಾಗಿಯೆಂದು ತಿಳಿದುಕೊಳ್ಳುತ್ತಾನೆ, ನಾನೂ ತಿಳಿದುಕೊಂಡೆ.

ಸೋಮವಾರ ಮಾವ ಕೇಳಿದರು. "ಮೊಯ್ದೀನಬ್ಬ ನಾಳೆ ಮುಂಗಡ ಕೊಡ್ತಾರಂತೆ. ಎಂತ ಹೇಳ್ತಿ?"

"ತಕ್ಕೊಳ್ಳುವ ಮಾವ."

"ಎರಡಕ್ಕೂ ಹೂಂ ಅಲ್ವಾ?"

"ಎರಡಕ್ಕೂ."

ಮಾವ ಆಚೆ ತಿರುಗಿ ಶಾಲಿನಿಂದ ಕಣ್ಣೊರಸಿಕೊಂಡರು. "ಇನ್ನು ನನ್ನ ಮಗುವಿನ ಚಿಂತೆ ಇಲ್ಲ," ಎಂದರು.

ಬುಧವಾರ ಗಾಡಿಗೆ ಪೂಜೆಯಾಯಿತು. ಚಕ್ರದ ಕೆಳಗೆ ಲಿಂಬೆಹಣ್ಣು ಇಟ್ಟರು, ಮೂತಿಗೆ ಸೇವಂತಿಗೆಯ ಮಾಲೆ ಹಾಕಿದರು. ಬೆಳಿಗ್ಗೆಯೇ ದೋಣಿಯಲ್ಲಿ ಹೊಳೆ ದಾಟಿ ಉಳ್ಳಾಲದಿಂದ ಬಂದಿದ್ದ ಕುಶಲಾ ಕಿಟಕಿಯ ಪಕ್ಕ ಕುಳಿತಳು. ನಮ್ಮಿಬ್ಬರ ನಡುವೆ ಮಾವ.

"ಬಂಟ್ವಾಳದ ದಾರಿ ಹಿಡಿ. ಇದರ ಓಟ ನೋಡುವ," ಎಂದರು.

ಬಂಟ್ವಾಳದ ದಾರಿ ಪಡೀಲನ್ನು ಹಾದೇ ಹೋಗುತ್ತದೆ. "ಕಡಲಿನ ಕಡೆ ಹೋಗುವ ಮಾವ."

"ಹೊಯ್ಗೆಯಲ್ಲಿ ಚಕ್ರ ಹೂತುಹಾಕ್ಲಿಕ್ಕಾ? ನಡಿ, ನಡಿ."

ಅವಳು ಅಲ್ಲಿರುವುದಿಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಓಡಿಸಿದೆ. ಎಂಟರ ಬಸ್ಸು ಹೋಗಿ ಅರ್ಧ ಗಂಟೆ ಕಳೆದಿತ್ತು. ಪಡೀಲಿನ ತಿರುವು ದಾಟಿದರೆ ರಸ್ತೆಯ ಅಂಚಿನಲ್ಲಿ ಒಬ್ಬಳೇ ನಿಂತಿದ್ದಳು. ಕಾಲ ಬಳಿ ಒಂದು ಬಟ್ಟೆಯ ಗಂಟು. ತಲೆಯಲ್ಲಿ ಅಬ್ಬಲಿಗೆ.

ಗಾಡಿಯನ್ನು ಅವಳು ದೂರದಿಂದಲೇ ಗುರುತಿಸಿದಳು. ಅದರ ಅಂಗುಲ ಅಂಗುಲವನ್ನೂ ಅಳೆದವಳಲ್ಲವೇ? ಆ ಮುಖ ಅರಳಿದ ರೀತಿಯನ್ನು ನಾನು ಬರೆಯಲಾರೆ. ಗಂಟನ್ನು ಎತ್ತಿಕೊಂಡು ರಸ್ತೆಗೆ ಎರಡು ಹೆಜ್ಜೆ ಇಟ್ಟಳು, ಕೈ ಎತ್ತಿದಳು.

ಆಗ ನನಗೆ ಅರ್ಥವಾಯಿತು. ಬರ್ತೇನೆ ಎಂದರೆ ಬರುತ್ತೇನೆ ಎಂದೇ ಅವಳು ಹೇಳಿದ್ದು. ನಾನು ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದಳು.

"ಯಾರೋ ಕೈ ತೋರಿಸ್ತಾರೆ," ಎಂದಳು ಕುಶಲಾ.

"ಬಸ್ಸು ತಪ್ಪಿದವರು ಇರ್ಬೇಕು," ಎಂದರು ಮಾವ. "ಬೇಕಾದ್ರೆ ನಿಲ್ಲಿಸು ಮಗಾ. ಹಿಂದೆ ಕೂತ್ಕೊಳ್ಳಲಿ."

ಅವರು ಬೇಡ ಎನ್ನಲಿಲ್ಲ. ಇಷ್ಟು ವರ್ಷಗಳಾದರೂ ನಾನು ಅದನ್ನು ಮರೆತಿಲ್ಲ. ಬ್ರೇಕಿಗೆ ಹೋಗುವ ನನ್ನ ಕಾಲನ್ನು ಯಾರೂ ತಡೆದಿರಲಿಲ್ಲ. ನಿಲ್ಲಿಸಿದರೆ ಒಂದು ಮಾತು ಹೇಳಬೇಕಿತ್ತು, ಆ ಮಾತಿಗೆ ಮಾವನ ಮುಖ ಬಾಡುತ್ತಿತ್ತು, ಕುಶಲಾ ತಲೆ ತಗ್ಗಿಸುತ್ತಿದ್ದಳು. ನಾನು ಬ್ರೇಕು ಒತ್ತಲಿಲ್ಲ. ಕನ್ನಡಿಯಲ್ಲಿ ಕಂಡದ್ದು ಇಷ್ಟು: ಎತ್ತಿದ ಕೈಯನ್ನು ಇಳಿಸುವುದು ಹೇಗೆಂದು ಗೊತ್ತಾಗದೆ ಅವಳು ಅದರಿಂದಲೇ ತಲೆಯ ಹೂವು ಸರಿಮಾಡಿಕೊಂಡಳು.

ಹುಡ್ಡು ಹೊಲಿಸಲು ಮಾವ ಬಿಜೈಗೇ ಕಳುಹಿಸಿದರು. ಮುದ್ದಣ್ಣನಷ್ಟು ಚೆನ್ನಾಗಿ ಹೊಲಿಯುವವರು ಬೇರೆ ಇರಲಿಲ್ಲ, ಬೇಡ ಎನ್ನಲು ನನಗೆ ಕಾರಣವೂ ಇರಲಿಲ್ಲ. ಮದುವೆಗೆ ಹದಿನೈದು ದಿನ ಉಳಿದಿತ್ತು. ಮುದ್ದಣ್ಣ ನನ್ನನ್ನು ನೋಡಿ ಒಳಗೆ ಹೋದರು. ಅವಳು ಹೊರಗೆ ಬಂದಳು, ಮೊದಲಿನ ಅಳತೆಯನ್ನು ಇನ್ನೊಮ್ಮೆ ಸರಿನೋಡಲು ಸೆರಗು ಸಿಕ್ಕಿಸಿ ತೊಟ್ಟಿ ಹತ್ತಿದಳು. ಟೇಪಿನ ತುದಿ ಹಿಡಿಯಲು ನಾನು ಕೈ ಚಾಚಿದೆ. ಅವಳು ಅದನ್ನು ಒಂದು ಕಲ್ಲಿನ ಕೆಳಗೆ ಸಿಕ್ಕಿಸಿದಳು.

"ವಾರಿಜಾ, ನೀನು ಅವತ್ತು ಬರ್ತೇನೆ ಅಂದದ್ದು... ಹೊರಟದ್ದು ಅಂತ ಗ್ರಹಿಸಿದೆ."

"ಗೊತ್ತಾಯ್ತು."

"ಯಾವಾಗ?"

"ನೀವು ನಿಲ್ಲಿಸದೆ ಹೋದ್ರಲ್ಲ, ಆಗ ಯೋಚಿಸಿದೆ." ಅವಳು ಅಂಕಿ ಬರೆದುಕೊಂಡಳು. "ಮೊದಲು ಗಾಡಿ ಕಂಡಾಗ ಬೇರೆ ಗ್ರಹಿಸಿದೆ. ಮಾವ ಒಪ್ಪಿದ್ರು, ಬಸ್ಸಿಗೆ ಹೋಗುದು ಬೇಡ ಅಂತ ನೀವು ಅದರಲ್ಲೇ ಕರ್ಕೊಂಡು ಹೋಗ್ಲಿಕ್ಕೆ ಬಂದ್ರಿ ಅಂತ."

ಮಡ್ಗಾರ್ಡು ಹಿಡಿದುಕೊಂಡೆ. "ನನಗೆ ನೀನೇ ಬೇಕಾಗಿದ್ದದ್ದು. ಈಗಲೂ ನೀನೇ. ಒಂದು ಮಾತು ಹೇಳು, ಈಗಲೇ..."

"ನಾನು ಹೇಳಿ ಆಗಿದೆ," ಎಂದಳು. ಸಿಟ್ಟಿರಲಿಲ್ಲ. ಸಿಟ್ಟಾದರೂ ಇರಬಾರದಿತ್ತೇ ಎನಿಸಿತು. "ನನಗೂ ನೀವೇ ಬೇಕಿತ್ತು. ಹೇಳಿ ಎಂತ ಆಯ್ತು? ಗಂಟು ಹಿಡ್ಕೊಂಡು ಪಡೀಲಿಂದ ನಡೆದೇ ಬಂದೆ. ಅಪ್ಪ ಎಂತದೂ ಕೇಳ್ಲಿಲ್ಲ, ಗಂಜಿ ಬಡಿಸಿದ್ರು."

ಅವಳು ತೊಟ್ಟಿಯಿಂದ ಇಳಿದು ಟೇಪು ಸುತ್ತಿದಳು. ಮತ್ತೆ ಬಾಯಿ ತೆರೆದಾಗ ಆ ಸ್ವರ ಅಂಗಡಿಯದು.

"ಶುಕ್ರವಾರ ಆಗ್ತದೆ, ಧಣಿ. ನೀವು ಬರುದು ಬೇಡ. ಆಳನ್ನು ಕಳಿಸಿ."

ಶುಕ್ರವಾರ ಅಲಿಯಬ್ಬ ಎತ್ತಿನ ಗಾಡಿಯಲ್ಲಿ ಹೋಗಿ ಹುಡ್ಡು ತಂದ. ಕಟ್ಟಿ ನೋಡಿದೆವು. ಹೊಸ ಮಾಡೆಲಿನ ಇಳಿಜಾರು, ಬಳುಕು ಎಲ್ಲದಕ್ಕೂ ಅದು ಸರಿಯಾಗಿ ಕೂತಿತು, ಒಂದು ಸುಕ್ಕಿಲ್ಲ. ಅಂಚಿನ ಹೊಲಿಗೆಯನ್ನು ಎರಡೆರಡು ಸಲ ಹಾಕಿದ್ದಳು. ಕುಶಲಾಳ ಜೊತೆ ಮದುವೆಯಾಗಿ ನಾಲ್ಕು ಮಳೆಗಾಲ ಕಳೆದವು. ಇವತ್ತಿನವರೆಗೆ ಒಂದು ಹನಿ ನೀರು ಒಳಗೆ ಇಳಿದಿಲ್ಲ.