ಬೆಲೆಮ್‌ನಲ್ಲಿ ತೂಕದ ಊಟ

ಬೆನ್ನಿಗೆ ಪಿಸ್ತೂಲು ಒತ್ತಿದಾಗ ನಾನು ಅನ್ನದ ಮೇಲೆ ಕಪ್ಪು ಕಾಳಿನ ಸಾರು ಹಾಕಿಕೊಳ್ಳುತ್ತಿದ್ದೆ.

"ತಿರುಗ್ಬೇಡ ಪೊಲೀಸಪ್ಪ. ಬಡಿಸ್ಕೊ."

ದನಿಯಲ್ಲೇ ಗುರುತು ಸಿಕ್ಕಿತು. ಜೆನೇಸಿಯೊ! ಕಾಡುಮರ ಕಳ್ಳರ ಬಾಡಿಗೆ ಕೊಲೆಗಾರ. ಓರೆಗಣ್ಣಲ್ಲಿ ನೋಡಿದೆ, ಪಿಸ್ತೂಲಿನ ಮೇಲೆ ಮಡಿಸಿದ ಪೇಪರ್ ಹೊದಿಸಿದ್ದ.

ನಾನು ಪೊಲೀಸ್ ಕೆಲಸ ಬಿಟ್ಟು ಆರು ವರ್ಷ. ಸಾಕ್ಷಿಗಳನ್ನು ಜೀವಸಹಿತ ಕೋರ್ಟಿಗೆ ಮುಟ್ಟಿಸುವುದು ಈಗಿನ ಕಸುಬು. ಅಂದಿನ ಸಾಕ್ಷಿ ಜಂದೀರಾ, ಮರದ ಮಿಲ್ಲಿನ ಗುಮಾಸ್ತೆ. ಹೋದ ತಿಂಗಳು ಅವಳ ಅಣ್ಣನನ್ನು ಕಾಪಾಡುವ ಕೆಲಸವೂ ನನ್ನದೇ ಆಗಿತ್ತು.

ಆಗಲಿಲ್ಲ.

ಕೋರ್ಟಿರುವ ಬ್ರೆಜಿಲಿಯಾಕ್ಕೆ ಹೋಗುವ ವಿಮಾನಕ್ಕೆ ಐವತ್ತು ನಿಮಿಷವಿತ್ತು. ಹಸಿವು ಎಂದಳು. ಸೆಕ್ಯುರಿಟಿ ದಾಟಿ ತಿನ್ನೋಣ ಎನ್ನದೆ ನಿಲ್ದಾಣದ ಹೊರಭಾಗದ ಈ ಹೋಟೆಲಿಗೇ ಕರೆತಂದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

"ಅವಳನ್ನ ಎಬ್ಬಿಸ್ಕೊಂಡು ಪಾರ್ಕಿಂಗಿಗೆ ನಡಿ. ಕೂಗಿದ್ರೆ ಮೊದ್ಲು ಅವ್ಳು."

"ತಟ್ಟೆ ತೂಕ ಹಾಕಿಸ್ಲಾ?"

"ಹಾಕ್ಸು... ಯಾರಿಗೂ ಅನುಮಾನ ಬರ್ಬಾರ್ದು."

ಇಲ್ಲಿ ಬಡಿಸಿಕೊಂಡಷ್ಟು ತೂಗಿ, ತೂಕದ ಮೇಲೆ ದುಡ್ಡು. ತಕ್ಕಡಿಯ ಹುಡುಗಿ ನನ್ನ ಕಾರ್ಡಿನಲ್ಲಿ ಬರೆದಳು. ಆರುನೂರ ನಲವತ್ತು ಗ್ರಾಂ.

"ನಿಮ್ದು ಸಾರ್?"

"ನಂಗೆ ಹಸಿವಿಲ್ಲ," ಎಂದ ಜೆನೇಸಿಯೊ, ನನ್ನ ಪಕ್ಕಕ್ಕೆ ಬಂದು.

ಅವನ ಕಾರ್ಡು ಅಂಗಿಯ ಜೇಬಿನಿಂದ ಇಣುಕುತ್ತಿತ್ತು. ಒಳಗೆ ಬಂದವರಿಗೆಲ್ಲ ಬಾಗಿಲಲ್ಲೇ ಒಂದು ಕೊಡುತ್ತಾರೆ. ತಿಂದಿರಲಿ ಬಿಡಲಿ, ಹೊರಡುವಾಗ ಒಪ್ಪಿಸಲೇಬೇಕು.

ಕಳೆದುಕೊಂಡವನ ಪಾಡು ದೇವರಿಗೇ ಪ್ರೀತಿ!

ನನ್ನ ಕೈ ನಡುಗುತ್ತಿತ್ತು. ನಾಟಕವಲ್ಲ, ನಿಜವಾದ ಭಯ. ಆ ನಡುಕಕ್ಕೇ ತಟ್ಟೆಯನ್ನು ಬಿಟ್ಟುಕೊಟ್ಟೆ. ಬಿಸಿ ಸಾರು ಅವನ ಎದೆಗೆ!

"ಥೂ, ನಿನ್ನ...!"

"ತಪ್ಪಾಯ್ತು ಮಾರಾಯ... ತಪ್ಪಾಯ್ತು!"

ನ್ಯಾಪ್‌ಕಿನ್‌ನಿಂದ ಒರೆಸಿದೆ. ಒರೆಸಿದ ಕೈ ಬರಿದಾಗಿ ವಾಪಸಾಗಲಿಲ್ಲ.

ಜಂದೀರಾಳ ಮೇಜಿಗೆ ಹೋದೆವು.

"ಏಳು," ಎಂದೆ.

"ಇನ್ನೂ ಅರ್ಧ ತಟ್ಟೆ ಇದೆ, ದಂಡ ಮಾಡ್ಲಾ?"

"ಏಳು ತಾಯಿ!"

ನನ್ನ ಮುಖ ನೋಡಿ ಬಿಳಿಚಿಕೊಂಡಳು. ಎದ್ದಳು.

ಬಾಗಿಲಲ್ಲಿ ಗಲ್ಲಾದ ಜುಲ್ಮಿರಾ. ಗಟ್ಟಿ ಹೆಂಗಸು. ನನ್ನದು, ಜಂದೀರಾಳದು ಎರಡು ಕಾರ್ಡು ಕೊಟ್ಟೆ, ದುಡ್ಡು ಕೊಟ್ಟೆ, ಜಂದೀರಾಳೊಂದಿಗೆ ಹೊರಬಿದ್ದೆ.

"ನಿಮ್ಮ ಕಾರ್ಡು?"

ಜೆನೇಸಿಯೊ ಎದೆ ತಡವಿದ. ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿ ಎರಡೂ ಕೈಯಲ್ಲಿ ಜೇಬು ಹುಡುಕಿದ.

"ನಾನೇನೂ ತಿಂದಿಲ್ಲ!"

"ಹೌದಾ? ಅಂಗಿ ಮೇಲಿರೋದೇನು, ಗಂಧವಾ? ಕಾರ್ಡ್ ಇಲ್ದೆ ನಮ್ಮಪ್ಪ ಬಂದ್ರೂ ಬಿಡಲ್ಲ!"

"ಓಡು!" ಎಂದು ಜಂದೀರಾಳನ್ನು ನೂಕಿದೆ.

ಅವನು ನುಗ್ಗಿದ. ಜುಲ್ಮಿರಾ ಕಾಲರ್ ಹಿಡಿದಳು. ಅಂಗಿ ಮೇಲೆದ್ದಿತು... ಸೊಂಟದ ಪಿಸ್ತೂಲು ಎಲ್ಲರಿಗೂ ಕಂಡಿತು!

ಆಕೆಯ ಕಿರುಚಾಟಕ್ಕೆ, ಎದುರು ಕಾಫಿ ಕುಡಿಯುತ್ತಿದ್ದ ಇಬ್ಬರು ಪೊಲೀಸರು ಹಾರಿಬಂದು ಅವನನ್ನು ನೆಲಕ್ಕೆ ಕೆಡವಿದರು.

ವಿಮಾನ ಮೇಲೇರುವಾಗ ಜಂದೀರಾ ನನ್ನ ಕೈ ಬಿಗಿಹಿಡಿದಿದ್ದಳು. ಅವಳ ಅಣ್ಣ ನೆನಪಾದ. ಅತ್ತುಬಿಟ್ಟೆ, ನಾಚಿಕೆಯೇನಿಲ್ಲ.

ಕರವಸ್ತ್ರಕ್ಕೆ ಕೈ ಹಾಕಿದರೆ ಜೆನೇಸಿಯೊನ ಕಾರ್ಡು ಬಂತು. ಪೂರ್ತಿ ಖಾಲಿ.

ನಿಜಕ್ಕೂ ಒಂದು ಗ್ರಾಮನ್ನೂ ತಿಂದಿರಲಿಲ್ಲ, ಪಾಪ!