ಎಡಗಡೆ ಕೀಲಿನ ಕೋವಿ

ಬಹಳ ಹಿಂದೆ, ಮೋಡಗಳು ಕೋಟೆಗೋಡೆಯ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಿದ್ದ ಕಾಲದಲ್ಲಿ, ಕಿಡಿಗಲ್ಲು ಎಂಬ ರಾಜ್ಯವಿತ್ತು. ಅಲ್ಲಿ ದೇವಾಚಾರಿಯ ಮನೆತನದವರು ಉದ್ದ ನಳಿಗೆಯ ಕೋವಿ ಮಾಡುತ್ತಿದ್ದರು. ಬೀಟೆಮರದ ಹಿಡಿ, ನವಿಲ ಕತ್ತಿನ ಬಾಗು, ಬಲಗಡೆ ಕಿಡಿ ಹಾರಿಸುವ ಕೀಲು. ಏಳು ತಲೆಮಾರಿಗೂ ಅದೇ ರೀತಿ.

ದೇವಾಚಾರಿಯ ಮಗ ವೀರಾಚಾರಿ ಎಡಚ. ಮಗಳು ಮೌನಮ್ಮ ಕಿರಿಯಳು. ತಂದೆ ಅವಳ ಕೆಲಸ ಹೊಗಳಿದಾಗಲೆಲ್ಲ ವೀರನಿಗೆ ತುತ್ತು ಗಂಟಲಲ್ಲೇ ನಿಲ್ಲುತ್ತಿತ್ತು.

ಒಮ್ಮೆ ಹೊಗೆಮುಖನೆಂಬ ಮಾಂತ್ರಿಕ ಮೂರು ಮಾಯಾಮೃಗಗಳನ್ನು ಊರಿನ ಮೇಲೆ ಬಿಟ್ಟ. ಅವುಗಳ ನೋಟ ಬಿದ್ದವರು ಕಲ್ಲಾಗುತ್ತಿದ್ದರು.

"ಯಾರ ಕೋವಿ ಈ ಕಾಟವನ್ನು ನಿಲ್ಲಿಸುತ್ತದೋ ಅವರಿಗೆ ಮನೆತನದ ನವಿಲ ಮುದ್ರೆ," ಎಂದ ದೇವಾಚಾರಿ.

"ನನ್ನದಿನ್ನೂ ಮುಗಿದಿಲ್ಲ. ಅಣ್ಣ ಹೋಗಲಿ," ಎಂದಳು ಮೌನಮ್ಮ.

ಮೊದಲ ದಿನ ಕಬ್ಬಿಣದ ಹಂದಿ ಬಂತು. ವೀರ ಮರೆಯಲ್ಲಿ ನಿಂತು, ಎಡಭುಜಕ್ಕೆ ಕೋವಿಯಿಟ್ಟು ಹೊಡೆದ. ಬಲಗಡೆ ಕೀಲಿನ ಕಿಡಿ ಕಣ್ಣೆದುರೇ ಸಿಡಿಯಿತು. ರೆಪ್ಪೆ ಮುಚ್ಚಿತು, ಗುರಿ ತಪ್ಪಿತು. ಸಂತೆಯೆಲ್ಲ ಕಲ್ಲಾಯಿತು. ಎರಡನೆಯ ದಿನ ಎರಡು ತಲೆಯ ಹದ್ದು. ಮತ್ತೆ ಕಿಡಿ, ಮತ್ತೆ ರೆಪ್ಪೆ. ಅರಮನೆಯೂ ಕಲ್ಲಾಯಿತು.

ಮೂರನೆಯ ಬೆಳಿಗ್ಗೆ ಮೌನಮ್ಮನ ಕೋವಿ ಮುಗಿದು, ಮದ್ದುಗುಂಡು ತುಂಬಿ, ಗೋಡೆಗೊರಗಿತ್ತು. ಕೀಲು ಎಡಗಡೆಗಿತ್ತು. "ಮನೆತನದ ರೀತಿಯನ್ನೇ ಕೆಡಿಸಿದ್ದಾಳೆ," ಎಂದು ವೀರನಿಗೆ ಸಂತೋಷವಾಯಿತು. ಆದರೆ ಅಂಥ ನವಿಲ ಬಾಗನ್ನು ಅವನ ಕೈ ಎಂದೂ ತೆಗೆದಿರಲಿಲ್ಲ. ಹೊಳೆಗೆ ಎಸೆಯಲೆಂದು ಅದನ್ನು ಎತ್ತಿಕೊಂಡು ಹೋದ.

ಹೊಳೆಯಾಚೆ ಹೊಗೆಯ ಹುಲಿ ನಿಂತಿತ್ತು.

ಬೇರೆ ಕೋವಿಯಿಲ್ಲ. ಹುಲಿ ತಲೆಯೆತ್ತುವ ಮೊದಲೇ ಅವನು ಕೋವಿಯೆತ್ತಿದ. ಹಿಡಿ ಅವನ ಎಡಗೆನ್ನೆಗೆ ತಾಯಿಯ ಅಂಗೈಯಂತೆ ಕೂತಿತು. ಕಿಡಿ ಆಚೆ ಬದಿಗೆ ಹಾರಿತು. ಕಣ್ಣು ತೆರೆದೇ ಇತ್ತು.

ಹುಲಿಯ ಎದೆಯಲ್ಲಿ ಮಾಂತ್ರಿಕನ ಜೀವವಿತ್ತು. ಗುಂಡು ತಗಲಿದೊಡನೆ ಅವನೂ ಅವನ ಮೃಗಗಳೂ ಬೂದಿಯಾದರು. ಕಲ್ಲಾದವರು ಮೈಮುರಿದು ಎದ್ದರು.

ವೀರ ಮನೆಗೆ ಬಂದು ಕೇಳಿದ: "ಇದು ಯಾರ ಕೆನ್ನೆಯ ಅಳತೆ?"

"ಊಟವಾದ ಮೇಲೆ ಗೊರಕೆ ಹೊಡೀತೀಯಲ್ಲ, ಆಗ ಮೇಣದಲ್ಲಿ ತೆಗೆದೆ," ಎಂದಳು ಮೌನಮ್ಮ. "ಮೀಸೆಗೆ ಅಂಟಿತ್ತು. ನಿನಗೆ ಎಚ್ಚರವೇ ಆಗಲಿಲ್ಲ ಮಾರಾಯ."

ಅಷ್ಟರಲ್ಲಿ ರಾಜನೇ ಬಾಗಿಲಿಗೆ ಬಂದು ಕೇಳಿದ: "ಹುಲಿಯನ್ನು ಕೆಡವಿದ ಕೋವಿ ಯಾರದು?"

ವೀರ ತಂದೆಯತ್ತ ನೋಡಿದ. ಮುದ್ರೆ ತಂದೆಯ ಕೈಯಲ್ಲೇ ಇತ್ತು.

"ಹೊಡೆದದ್ದು ನಾನು, ಪ್ರಭು. ಹೊಳೆಗೆ ಎಸೆಯಲು ಕದ್ದದ್ದೂ ನಾನೇ. ಮಾಡಿದ್ದು ನನ್ನ ತಂಗಿ."

ಮುದ್ರೆ ಮೌನಮ್ಮನಿಗೆ ಸಂದಿತು. ಅವಳು ಅದನ್ನು ಕೋವಿಯ ಹಿಡಿಗೆ ಒತ್ತುವಾಗ ಅಲುಗದಂತೆ ಹಿಡಿದವನು ವೀರ. ಅಂದಿನಿಂದ ಆ ಮನೆಯಲ್ಲಿ ಎರಡು ರೀತಿಯ ಕೋವಿಗಳಾದವು, ಎಲ್ಲರಿಗೂ ತುತ್ತು ಸಲೀಸಾಗಿ ಇಳಿಯಿತು, ಕಿಡಿಗಲ್ಲಿನ ಜನ ಸುಖವಾಗಿ ಬಾಳಿದರು.