ಸೀನಿಗೆ ಸಾಕ್ಷಿ ಕೇಳಿದವನು

"ಹಿಂದೆ ಸರೀರಿ! ಅಲ್ಲೇ ನಿಲ್ಲಿ!"

ಅಂಗಿ ಹೊಲಿಸಲು ಬಂದ ಗಿರಾಕಿಗೆ ಯಾವ ದರ್ಜಿಯೂ ಹೀಗೆ ಹೇಳುವುದಿಲ್ಲ. ಅವಳು ಹೇಳಿದಳು. ಅವನ ಹೆಗಲಿಗೆ ಅಳತೆಪಟ್ಟಿ ಹಿಡಿದದ್ದೇ ತಡ, ಅವಳಿಗೆ ಒಂದರ ಹಿಂದೊಂದು ಸೀನು! ಕಣ್ತುಂಬ ನೀರು.

"ನಿಮ್ಮ ಮನೇಲಿ ನಾಯಿ ಇದೆ ಅಲ್ವಾ?"

"ಇದೆ. ಆದ್ರೆ ನಮ್ಮ ಗುಂಗುರು ಅಲರ್ಜಿ ಬರದ ತಳಿ ಕಣ್ರೀ," ಎಂದ ಚಿತ್ರಕಲೆ ಮೇಷ್ಟ್ರಾಗಿದ್ದ ಅವನು, ಹೆಮ್ಮೆಯಿಂದ. "ಒಂದು ಕೂದಲೂ ಉದುರಲ್ಲ."

"ಹಾಗಂತ ನನ್ನ ಮೂಗಿಗೆ ಯಾರೂ ತಿಳಿಸಿಲ್ಲ, ಮೇಷ್ಟ್ರೇ!"

ಇಬ್ಬರೂ ನಕ್ಕರು. ಆಮೇಲೆ ಅವನ ಅಂಗಿಗಳ ಗುಂಡಿಗಳು ಪದೇ ಪದೇ ಉದುರತೊಡಗಿದವು. ದಾರ ಹರಿದದ್ದಲ್ಲ, ಕತ್ತರಿಯಿಂದ ಕತ್ತರಿಸಿದ್ದು ಎಂದು ಅವಳಿಗೆ ಗೊತ್ತಾಗದೆ ಇದ್ದೀತೇ? ಗೊತ್ತಾದರೂ ಹೊಲಿದು ಕೊಟ್ಟಳು...

ಇಬ್ಬರ ಮದುವೆಯ ಮಾತು ಎದ್ದಾಗ ಅವನ ಅಕ್ಕ ನಡುವೆ ಬಂದಳು. ಆ ತಳಿಯ ಮರಿಗಳನ್ನು ಮಾರುವುದೇ ಅವಳ ಕಸುಬು. "ಅಲರ್ಜಿ ಇರೋರಿಗೆ ಅಂತಲೇ ದೇವರು ಮಾಡಿದ ನಾಯಿ," ಎನ್ನುತ್ತಾ ದೇವರನ್ನೂ ಸರಕಿನ ಜೊತೆ ಕಟ್ಟಿಕೊಡುತ್ತಿದ್ದಳು. ಇಂಥವರನ್ನು ಆ ದೇವರು ಹೇಗೆ ಸಹಿಸುತ್ತಾನೋ!

ಮಾತುಕತೆಯ ದಿನ ಅಕ್ಕ ಬೆಳಿಗ್ಗೆಯೇ ಗುಂಗುರುವನ್ನು ತನ್ನ ಮನೆಗೆ ಸಾಗಿಸಿದಳು. ತಮ್ಮ ಅದನ್ನು ಅಕ್ಕರೆ ಎಂದುಕೊಂಡ. ಪೆದ್ದ!

ಹುಡುಗಿ ಅವನ ಮನೆಗೆ ಬಂದು ಸೋಫಾದಲ್ಲಿ ಕುಳಿತ ಸ್ವಲ್ಪ ಹೊತ್ತಿಗೆ ಎದೆ ಬಿಗಿಯಿತು. ಉಸಿರಿನಲ್ಲಿ ಸಿಳ್ಳೆಯಂಥ ಸದ್ದು.

"ನಾಯಿ... ಒಳಗಿದೆಯಾ?"

"ನಾಯಿನಾ? ಬೆಳಿಗ್ಗೆಯಿಂದ ಮನೇಲೇ ಇಲ್ಲಮ್ಮ!" ಅಕ್ಕ ಚಪ್ಪಾಳೆ ತಟ್ಟಿದಳು. "ನೋಡಿದ್ಯೇನೋ ತಮ್ಮ, ಇಲ್ಲದ ನಾಯಿಗೂ ಸೀನ್ತಾಳೆ! ನಾಳೆ ನನ್ನ ಕಂಡ್ರೂ ಸೀನ್ತಾಳೆ!"

ಅಂಥವಳನ್ನು ಕಂಡು ಸೀನಿದರೆ ತಪ್ಪೇನು!

ಹುಡುಗಿ ಅವನತ್ತ ನೋಡಿದಳು. ಅವನು ಸೋಫಾದತ್ತ ನೋಡಿದ.

"ಒಂದು ಕೂದಲೂ ಇಲ್ಲ... ಸುಮ್ನೆ ಹೆದರಿಕೆಗೆ ಹೀಗಾಗ್ತಿದ್ಯಾ?"

'ಇವರೂ ನಂಬಲ್ವಾ...?'

ಅವಳು ಔಷಧಿಯ ಪಂಪನ್ನು ಬಾಯಿಗೆ ಹಿಡಿದು, ಗೋಡೆ ಹಿಡಿದುಕೊಂಡೇ ಹೊರಗೆ ನಡೆದಳು. ಉಸಿರಾಡುವವರನ್ನು ಸಾಕ್ಷಿ ಕೇಳುತ್ತಾರೆ. ಉಸಿರು ನಿಂತ ಮೇಲೆ ಎಲ್ಲರೂ ನಂಬುತ್ತಾರೆ. ಆ ನಂಬಿಕೆಯಿಂದ ಯಾರಿಗೆ ಏನು ಬಂತು?

ಆ ಸಿಳ್ಳೆಯ ಸದ್ದು ಅವನ ಕಿವಿ ಬಿಡಲಿಲ್ಲ. ವೈದ್ಯರ ಬಳಿ ಹೋಗಿ ಕೇಳಿದ.

"ಕೂದಲಲ್ಲ ಸ್ವಾಮಿ, ಜೊಲ್ಲು, ಚರ್ಮದ ಹೊಟ್ಟು," ಎಂದರು ವೈದ್ಯರು. "ಚರ್ಮ ಇಲ್ಲದ ನಾಯಿ ಉಂಟಾ? ನಾಯಿ ಹೋದ್ರೂ ಆ ಹೊಟ್ಟು ಸೋಫಾದಲ್ಲಿ ತಿಂಗಳುಗಟ್ಟಲೆ ಉಳಿಯುತ್ತೆ. ಅಲರ್ಜಿ ಬರದ ತಳಿ ಇರೋದು ಮಾರೋರ ಬಾಯಲ್ಲಿ ಮಾತ್ರ."

ಮರುದಿನ ಅವನು ಅವಳ ಅಂಗಡಿಯ ಹೊಸ್ತಿಲಾಚೆ ನಿಂತು, ವೈದ್ಯರ ಮಾತನ್ನೆಲ್ಲ ಒಪ್ಪಿಸಿದ.

"ಓಹೋ! ಡಾಕ್ಟರ್ ಹೇಳಿದ್ಮೇಲೆ ನಂಬಿದ್ರಿ," ಅವಳು ತಲೆ ಎತ್ತಲಿಲ್ಲ. "ನಾನು ಉಸಿರಿಗೆ ಒದ್ದಾಡ್ತಿದ್ದೆ, ನೀವು ಕೂದಲು ಹುಡುಕ್ತಿದ್ರಿ. ಎಂಥ ದೊಡ್ಡಸ್ತಿಕೆ!"

"ಅವರು ಹೇಳಿದ್ದು ನಾಯಿ ವಿಷಯ. ನಿನ್ನನ್ನ ನಂಬೋಕೆ ಡಾಕ್ಟರ್ ಬೇಕಿರಲಿಲ್ಲ. ಅದು ನನ್ನ ತಪ್ಪು."

ಹೊಲಿಗೆ ಯಂತ್ರ ನಿಂತಿತು.

"ಗುಂಗುರು?"

"ಅಕ್ಕನ ಹತ್ರ. ಇನ್ನು ಅಲ್ಲೇ ಇರುತ್ತೆ. ದಿನಾ ಹೋಗಿ ನೋಡಿ, ಸ್ನಾನ ಮಾಡಿ, ಬಟ್ಟೆ ಬದಲಾಯಿಸಿ ಬರ್ತೀನಿ. ಸೋಫಾ ಎಸೆದೆ."

"ಅತ್ತಿತಾ?"

"ಅತ್ತಿತು... ನಾನೂ."

ಅವಳ ಕಣ್ಣು ತುಂಬಿತು. "ಪಾಪ, ಬಾಯಿಲ್ಲದ ಜೀವ. ಅದೆಲ್ಲಿ ಸುಳ್ಳು ಹೇಳಿತ್ತು?"

ಅಷ್ಟರಲ್ಲಿ ಅವಳಿಗೆ ಸೀನು ಬಂತು. ಅವನು ಬೆಚ್ಚಿ ಬೀದಿಯವರೆಗೆ ಹಿಂದೆ ಸರಿದ.

"ಇದು ಬಟ್ಟೆ ಧೂಳು, ಮೇಷ್ಟ್ರೇ!"

"ಯಾವುದಾದ್ರೂ ಇರ್ಲಿ. ನಾನಿಲ್ಲೇ ನಿಂತಿರ್ತೀನಿ."

"ಎಲ್ಲಿವರೆಗೆ?"

"ನೀನು ಕರೆಯೋವರೆಗೆ."

ಅವಳು ಮೂಗೊರೆಸಿಕೊಂಡು, ಪಕ್ಕದ ಸ್ಟೂಲಿನ ಮೇಲಿದ್ದ ಬಟ್ಟೆಗಳನ್ನು ತೆಗೆದು ಜಾಗ ಮಾಡಿದಳು.

"ಬಾ..."